ಅವಕೆಂಪು ಕಿರಣ: ಹೆಸರು ಬಿಡಿ, ಮೈಕ್ರಾನ್ ನೋಡಿ

ಫಳಫಳ ಹೊಳೆಯುವ ಸ್ಟೀಲ್ ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿದೆ. ಪಾತ್ರೆಯ ಹೊರಮೈಗೆ ಟೆಂಪರೇಚರ್ ಗನ್ ಹಿಡಿದರೆ 45 ಡಿಗ್ರಿಯ ಆಸುಪಾಸು ತೋರಿಸುತ್ತದೆ. ಪಕ್ಕದ ಒಲೆಯ ಮೇಲಿನ ಕಪ್ಪು ದೋಸೆ ಕಾವಲಿಗೆ ಹಿಡಿದರೆ 190 ಅನ್ನುತ್ತದೆ, ಅದು ಸರಿಯಾಗಿಯೇ ಇರುತ್ತದೆ. ಗನ್ ಕೆಟ್ಟಿಲ್ಲ. ಜನ ಓಡಾಡಿದರೆ ಹತ್ತಿಕೊಳ್ಳುವ ಸೆನ್ಸರ್ ಲೈಟು ಚಳಿಗಾಲದಲ್ಲಿ ಚುರುಕಾಗಿದ್ದು ಏಪ್ರಿಲ್‌ನಲ್ಲಿ ಮಂಕಾಗುತ್ತದೆ. ಮಳೆ ತಾಗದಿರಲಿ ಅಂತ ಅದರ ಮುಂದೆ ಗಾಜು ಕೂರಿಸಿದರೆ ಪೂರ್ತಿ ಕುರುಡಾಗುತ್ತದೆ. ಟಿವಿ ರಿಮೋಟಿನ ಬೆಳಕು ಫೋನಿನ ಒಂದು ಕ್ಯಾಮೆರಾಗೆ ಕಾಣುತ್ತದೆ, ಇನ್ನೊಂದಕ್ಕೆ ಕಾಣುವುದಿಲ್ಲ. ಎಲ್ಲವೂ ಅವಕೆಂಪು (ಇನ್‌ಫ್ರಾರೆಡ್) ಕಿರಣದ್ದೇ, ಅಂದರೆ ಕೆಂಪಿನ ಆಚೆಯ, ಕಣ್ಣಿಗೆ ಕಾಣದ ಬೆಳಕಿನದ್ದೇ ಆಟ. ಆದರೆ ಎಲ್ಲವೂ ಒಂದೇ ಅವಕೆಂಪು ಅಲ್ಲ. ಯಾವ ಉಪಕರಣ ಎತ್ತಿಕೊಂಡರೂ ಮೊದಲು ಕೇಳಬೇಕಾದ್ದು, ಇದು ಕೆಲಸ ಮಾಡುವುದು ಎಷ್ಟು ಮೈಕ್ರಾನಿನಲ್ಲಿ ಅಂತ.

ಹತ್ತು ಸ್ಥಾಯಿಯ ಹಾಡು

ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಇಲ್ಲಿ ಅದರಿಂದ ಅಳೆಯುವುದು ಕಿರಣದ ತರಂಗದ ಉದ್ದವನ್ನು. ಒಂದು ಮೈಕ್ರಾನಿಗೆ 1000 ನ್ಯಾನೋಮೀಟರ್. ಕಣ್ಣಿಗೆ ಕಾಣುವ ಬೆಳಕು ಸುಮಾರು 0.38ರಿಂದ 0.78 ಮೈಕ್ರಾನ್. ಸಂಗೀತದ ಲೆಕ್ಕದಲ್ಲಿ ಹೇಳಿದರೆ ಒಂದೇ ಒಂದು ಸ್ಥಾಯಿ, ಅಂದರೆ ಒಮ್ಮೆ ಇಮ್ಮಡಿಯಾಗುವಷ್ಟು. ಅವಕೆಂಪು ಅಲ್ಲಿಂದ ಶುರುವಾಗಿ 1000 ಮೈಕ್ರಾನ್, ಅಂದರೆ 1 ಮಿಲಿಮೀಟರಿನವರೆಗೆ ಹೋಗುತ್ತದೆ: ಹತ್ತು ಸ್ಥಾಯಿಗೂ ಮಿಗಿಲು. ಇಷ್ಟು ಅಗಲದ ಪಟ್ಟಿಗೆ ಒಂದೇ ಲೆನ್ಸು, ಒಂದೇ ಸೆನ್ಸರ್ ಸಾಕಾಗುವುದಿಲ್ಲ. ಆದ್ದರಿಂದಲೇ ವಿಭಾಗಗಳು.

ಎಂಜಿನಿಯರುಗಳ ಬಾಯಲ್ಲಿ ಹೆಚ್ಚಾಗಿ ಓಡುವ ವಿಂಗಡಣೆ ಇದು. 0.75ರಿಂದ 1.4 ಮೈಕ್ರಾನ್ ನಿಯರ್ ಅಥವಾ ಸಮೀಪದ ಅವಕೆಂಪು: ರಿಮೋಟ್, ರಾತ್ರಿ ಕಾಣುವ ಸಿಸಿಟಿವಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಲ್ಲ ಇಲ್ಲೇ. ಸಾಧಾರಣ ಕ್ಯಾಮೆರಾದ ಸಿಲಿಕಾನ್ ಚಿಪ್ಪಿಗೆ ಸುಮಾರು 1.1ರವರೆಗೆ ಕಾಣುತ್ತದೆ, ಆಮೇಲೆ ಇಲ್ಲ. 1.4ರಿಂದ 3 ಶಾರ್ಟ್‌ವೇವ್: ಊರೂರಿಗೆ ಬಂದಿರುವ ಫೈಬರ್ ಇಂಟರ್ನೆಟ್ಟಿನ 1.55 ಮೈಕ್ರಾನ್ ಲೇಸರ್ ಈ ಪಟ್ಟಿಯದು. ನೀರು 1.45 ಮತ್ತು 1.94ರ ಹತ್ತಿರ ಗಟ್ಟಿಯಾಗಿ ಹೀರಿಕೊಳ್ಳುವುದರಿಂದ ಒದ್ದೆ ಮಣ್ಣು, ಹಸಿ ಎಲೆ ಇಲ್ಲಿ ಕಪ್ಪಗೆ ಕಾಣುತ್ತವೆ. 3ರಿಂದ 8 ಮಿಡ್‌ವೇವ್, ಅದರಲ್ಲೂ ಬಳಕೆಗೆ ಬರುವುದು 3ರಿಂದ 5: ಬೆಂಕಿ, ಎಂಜಿನ್ ಹೊಗೆ, ಸೋರುವ ಅನಿಲ ಹುಡುಕುವವರ ಜಾಗ. ಇಂಗಾಲದ ಡೈಆಕ್ಸೈಡ್ 4.26ರಲ್ಲಿ ಹೀರುತ್ತದೆ, ಕೋಣೆಯ ಗಾಳಿ ಅಳೆಯುವ ಬಹುಪಾಲು ಮೀಟರ್‌ಗಳು ನೋಡುವುದು ಅದನ್ನೇ. 8ರಿಂದ 15 ಲಾಂಗ್‌ವೇವ್, ಜನ ‘ಥರ್ಮಲ್’ ಅನ್ನುವುದು ಇದಕ್ಕೆ. ಅಲ್ಲಿಂದ 1000ದವರೆಗೆ ಫಾರ್, ಅಂದರೆ ದೂರದ ಅವಕೆಂಪು. ಖಗೋಳ ವಿಜ್ಞಾನಿಗಳನ್ನು ಬಿಟ್ಟರೆ ದಿನನಿತ್ಯ ಬಳಸುವವರು ಕಡಿಮೆ.

ಎಡವುವುದು ಇಲ್ಲಿಯೇ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ಪ್ರಕಾರ ಸಮೀಪ ಅಂದರೆ 0.78ರಿಂದ 3, ಮಧ್ಯಮ ಅಂದರೆ 3ರಿಂದ 50, ದೂರ ಅಂದರೆ 50ರಿಂದ 1000. ಕಣ್ಣು-ಚರ್ಮದ ಸುರಕ್ಷತೆ ನೋಡುವವರು ಎ, ಬಿ, ಸಿ ಅಂತ ಕರೆದು 1.4 ಮತ್ತು 3ರಲ್ಲಿ ಗೆರೆ ಎಳೆಯುತ್ತಾರೆ. ಒಬ್ಬರ ‘ಮಿಡ್’ ಇನ್ನೊಬ್ಬರ ‘ಮಿಡ್’ ಅಲ್ಲ. ಡೇಟಾಶೀಟಿನಲ್ಲಿ (ತಯಾರಕರು ಕೊಡುವ ವಿವರಪಟ್ಟಿಯಲ್ಲಿ) ಹೆಸರು ಏನೇ ಬರೆದಿರಲಿ, ಅಂಕಿ ಹುಡುಕಿ. ಅಂದಹಾಗೆ, ‘ಫಾರ್ ಇನ್‌ಫ್ರಾರೆಡ್ ಸೂಸುವ’ ಅಂತ ಮಾರುವ ಸೊಂಟಪಟ್ಟಿಗಳಿವೆಯಲ್ಲ, ಕೋಣೆಯ ಬಿಸಿಯಲ್ಲಿರುವ ಯಾವ ವಸ್ತುವಾದರೂ 10 ಮೈಕ್ರಾನಿನ ಸುತ್ತ ಸೂಸುತ್ತಲೇ ಇರುತ್ತದೆ. ನಿಮ್ಮ ಮನೆಯ ಗೋಡೆಯೂ.

ಯಾವ ಬಿಸಿಗೆ ಎಷ್ಟು ಮೈಕ್ರಾನ್: ಒಂದು ಭಾಗಾಕಾರ

ಬಿಸಿ ವಸ್ತು ಎಲ್ಲಿ ಅತಿ ಹೆಚ್ಚು ಸೂಸುತ್ತದೆ ಅನ್ನುವುದಕ್ಕೆ ವೀನ್ ನಿಯಮ ಸಾಕು. ಸೆಲ್ಸಿಯಸ್‌ಗೆ 273 ಕೂಡಿದರೆ ಕೆಲ್ವಿನ್, 2898ನ್ನು ಅದರಿಂದ ಭಾಗಿಸಿ. ಬಂದದ್ದು ಮೈಕ್ರಾನ್.

ಚರ್ಮ 33 ಡಿಗ್ರಿ: 2898 ÷ 306 = 9.5. ಇಸ್ತ್ರಿ ಪೆಟ್ಟಿಗೆ 200 ಡಿಗ್ರಿ: 6.1. ಕೆಂಪಗೆ ಕಾದ ಹೀಟರ್ ಕಾಯಿಲ್, ಸುಮಾರು 1000 ಕೆಲ್ವಿನ್: 2.9. ಹಳೇ ಫಿಲಮೆಂಟ್ ಬಲ್ಬು 2700 ಕೆಲ್ವಿನ್: 1.07, ಅಂದರೆ ಶಿಖರವೇ ಅವಕೆಂಪಿನಲ್ಲಿ. ಆ ಬಲ್ಬಿನ ಕರೆಂಟು ಹೆಚ್ಚಾಗಿ ಬಿಸಿಗೇ ಹೋಗುತ್ತಿದ್ದುದು ಇದಕ್ಕೇ. ಸೂರ್ಯ 5800 ಕೆಲ್ವಿನ್: 0.5, ಕಾಣುವ ಬೆಳಕಿನ ನಟ್ಟನಡುವೆ.

ಶಿಖರ ಅಂದಮಾತ್ರಕ್ಕೆ ಅಲ್ಲಷ್ಟೇ ಸೂಸುತ್ತದೆ ಅಂತಲ್ಲ. ಶಿಖರದ ಗಿಡ್ಡ ತರಂಗದ ಬದಿಗೆ ಇಳಿಜಾರು ಕಡಿದು, ಉದ್ದ ತರಂಗದ ಬದಿಗೆ ನಿಧಾನ. ಆದ್ದರಿಂದ ಇಸ್ತ್ರಿ ಪೆಟ್ಟಿಗೆಯನ್ನು 8–14 ಮೈಕ್ರಾನಿನ ಗನ್ ಚೆನ್ನಾಗಿಯೇ ಅಳೆಯುತ್ತದೆ, ಆದರೆ 1 ಮೈಕ್ರಾನಿನ ಕ್ಯಾಮೆರಾಗೆ ಅದು ಕತ್ತಲೆ. ರಾತ್ರಿ ಕಾಣುವ ಸಿಸಿಟಿವಿ ಮನುಷ್ಯನ ಬಿಸಿಯನ್ನು ನೋಡುತ್ತದೆ ಅನ್ನುವುದು ತಪ್ಪು ಕಲ್ಪನೆ. ಅದು ತಾನೇ 850 ಅಥವಾ 940 ನ್ಯಾನೋಮೀಟರಿನ ಎಲ್‌ಇಡಿ ಬೆಳಕು ಚೆಲ್ಲಿ, ಮರಳಿ ಬಂದದ್ದನ್ನು ನೋಡುತ್ತದೆ. ಕಣ್ಣಿಗೆ ಕಾಣದ ಟಾರ್ಚು, ಅಷ್ಟೇ. 850ರದ್ದು ಕತ್ತಲಲ್ಲಿ ಮಂದ ಕೆಂಪಗೆ ಕಾಣುತ್ತದೆ, ಆದರೆ ದೂರ ಮುಟ್ಟುತ್ತದೆ. 940 ಕಾಣುವುದೇ ಇಲ್ಲ, ಆದರೆ ಸಿಲಿಕಾನ್ ಅಲ್ಲಿ ಮಂದವಾಗುವುದರಿಂದ ದೂರ ಕಡಿಮೆ.

ಕೆಂಪಿನ ಆಚೆ ಕೈ ಹಾಕುವುದು

ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ 1800ರಲ್ಲಿ ಮಾಡಿದ ಪ್ರಯೋಗವನ್ನು ಶಾಲೆಯ ಅಂಗಳದಲ್ಲೇ ಮಾಡಬಹುದು. ಬೇಕಾದ್ದು: ಗಾಜಿನ ಪಟ್ಟಕ (ಪ್ರಿಸಂ) ಒಂದು, ಒಂದೇ ಬಗೆಯ ಗಾಜಿನ ಥರ್ಮಾಮೀಟರ್ ನಾಲ್ಕು, ಆಳದ ರಟ್ಟಿನ ಪೆಟ್ಟಿಗೆ, ಬಿಳಿ ಹಾಳೆ, ಕಪ್ಪು ಬಣ್ಣ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದರ ಅಳತೆ ಶುರುವಾಗುವುದೇ 35 ಡಿಗ್ರಿಯ ಹತ್ತಿರ.

1. ನಾಲ್ಕೂ ಥರ್ಮಾಮೀಟರ್‌ಗಳ ಕೆಳತುದಿಯ ಬುರುಡೆಗಳಿಗೆ ಮ್ಯಾಟ್ ಕಪ್ಪು ಬಣ್ಣ ಬಳಿದು ಒಣಗಿಸಿ. ನಾಲ್ಕನ್ನೂ ನೆರಳಲ್ಲಿ ಹತ್ತು ನಿಮಿಷ ಇಟ್ಟು, ಒಂದಕ್ಕೊಂದು ಎಷ್ಟು ವ್ಯತ್ಯಾಸ ತೋರಿಸುತ್ತವೆ ಅಂತ ಬರೆದಿಟ್ಟುಕೊಳ್ಳಿ.
2. ಪೆಟ್ಟಿಗೆಯ ತಳಕ್ಕೆ ಬಿಳಿ ಹಾಳೆ ಹಾಸಿ. ಸೂರ್ಯನ ಕಡೆಯ ಅಂಚಿನಲ್ಲಿ ಪಟ್ಟಕ ಗಟ್ಟಿಯಾಗಿ ಕೂರುವಷ್ಟು ಕತ್ತರಿಸಿ, ಕೂರಿಸಿ.
3. ಪಟ್ಟಕವನ್ನು ಮೆಲ್ಲಗೆ ತಿರುಗಿಸುತ್ತ, ತಳದ ನೆರಳಲ್ಲಿ ಬಣ್ಣಗಳು ಆದಷ್ಟು ಅಗಲವಾಗಿ ಬೀಳುವ ಕೋನ ಹುಡುಕಿ.
4. ಒಂದು ಬುರುಡೆ ನೀಲಿಯಲ್ಲಿ, ಒಂದು ಹಳದಿಯಲ್ಲಿ, ಮೂರನೆಯದು ಕೆಂಪು ಮುಗಿದ ಗೆರೆಯ ಆಚೆ, ತೀರಾ ಹತ್ತಿರದಲ್ಲಿ. ನಾಲ್ಕನೆಯದು ಬಣ್ಣದಿಂದ ದೂರ, ನೆರಳಲ್ಲಿ, ಹೋಲಿಕೆಗೆ.
5. ನಿಮಿಷಕ್ಕೊಮ್ಮೆ, ಐದು ನಿಮಿಷ ಓದಿ. ಬುರುಡೆಗೆ ನಿಮ್ಮ ನೆರಳು ಬೀಳದಿರಲಿ, ಥರ್ಮಾಮೀಟರ್ ಎತ್ತಿ ನೋಡಬೇಡಿ.

ಕೆಂಪಿನ ಆಚೆ, ಬಣ್ಣವೇ ಇಲ್ಲದ ಜಾಗದಲ್ಲಿ ಪಾದರಸವೋ ಆಲ್ಕೋಹಾಲೋ ಎಲ್ಲಕ್ಕಿಂತ ಮೇಲೆ ಏರಿರುತ್ತದೆ. ಏರಲಿಲ್ಲವೆಂದರೆ ಸಾಮಾನ್ಯವಾಗಿ ಮೂರು ಕಾರಣ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಐದೇ ನಿಮಿಷದಲ್ಲಿ ಬಣ್ಣದ ಪಟ್ಟಿ ಜರುಗಿ, ಆಚೆ ಇಟ್ಟ ಬುರುಡೆ ಇನ್ನೂ ಆಚೆ ಉಳಿದಿರುತ್ತದೆ. ಪೆಟ್ಟಿಗೆಯನ್ನು ಆಗಾಗ ಕೂದಲೆಳೆಯಷ್ಟು ತಿರುಗಿಸಬೇಕು. ಗಾಳಿ ಬೀಸಿದರೆ ಸಿಕ್ಕ ಬಿಸಿಯೂ ಹೋಗುತ್ತದೆ. ಬುರುಡೆಗೆ ಕಪ್ಪು ಬಳಿಯದಿದ್ದರೆ ಬಿದ್ದ ಕಿರಣ ಹೀರಿಕೆಯಾಗುವುದೇ ಅಲ್ಪ.

ಒಂದು ಕೊಂಕು ಪ್ರಶ್ನೆಗೆ ಮೊದಲೇ ಸಿದ್ಧವಾಗಿರಿ. ಸೂರ್ಯನ ಶಿಖರ 0.5 ಮೈಕ್ರಾನ್ ಅಂದಮೇಲೆ ಕೆಂಪಿನ ಆಚೆ ಹೆಚ್ಚು ಬಿಸಿ ಯಾಕೆ? ಪಟ್ಟಕ ಎಲ್ಲ ಬಣ್ಣವನ್ನೂ ಒಂದೇ ಹದದಲ್ಲಿ ಹರಡುವುದಿಲ್ಲ. ನೀಲಿಯನ್ನು ಅಗಲಕ್ಕೆ ಎಳೆಯುತ್ತದೆ, ಅವಕೆಂಪನ್ನು ಒತ್ತೊತ್ತಾಗಿ ಒಂದೇ ಕಡೆ ಹಾಕುತ್ತದೆ. ಬುರುಡೆಯ ಅಗಲದೊಳಗೆ ಬೀಳುವ ಶಕ್ತಿ ಅಲ್ಲಿ ಹೆಚ್ಚು. ಅಲ್ಲದೆ ಸಾಧಾರಣ ಗಾಜು 2.5–3 ಮೈಕ್ರಾನಿಗೆ ಬಾಗಿಲು ಹಾಕುವುದರಿಂದ, ಈ ಪ್ರಯೋಗದಲ್ಲಿ ಸಿಗುವುದು ಅವಕೆಂಪಿನ ಮೊದಲ ಅಂಗಳ ಮಾತ್ರ.

ರಿಮೋಟ್ ಪರೀಕ್ಷೆ

ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ರಿಮೋಟಿನ ಮೂತಿ ಅದಕ್ಕೆ ತೋರಿಸಿ, ಗುಂಡಿ ಒತ್ತಿ. ನೇರಳೆ ಛಾಯೆಯ ಬಿಳಿ ಮಿನುಗು ಕಂಡರೆ ಎಲ್‌ಇಡಿ ಬದುಕಿದೆ. ಹಿಂದಿನ ಕ್ಯಾಮೆರಾದಲ್ಲಿ ಅವಕೆಂಪು ತಡೆಯುವ ಫಿಲ್ಟರ್ ಬಿಗಿಯಾಗಿರುವುದರಿಂದ ಅನೇಕ ಫೋನುಗಳಲ್ಲಿ ಕಾಣುವುದಿಲ್ಲ. ಅದನ್ನು ನಂಬಿ ರಿಮೋಟ್ ಬಿಸಾಡಬೇಡಿ. ಚೆನ್ನಾಗಿ ಕೆಲಸ ಮಾಡುವ ಇನ್ನೊಂದು ರಿಮೋಟ್ ಹಿಡಿದು ಮೊದಲು ಕ್ಯಾಮೆರಾವನ್ನೇ ಪರೀಕ್ಷಿಸಿ.

ಮಿನುಗು ಇಲ್ಲವೇ? ಸೆಲ್ ಬದಲಿಸಿ, ಸ್ಪ್ರಿಂಗಿನ ಹಸಿರು ಕಿಲುಬು ವಿನೆಗರ್ ಹತ್ತಿಯಲ್ಲಿ ಉಜ್ಜಿ ಒಣಗಿಸಿ. ಒಂದೆರಡು ಗುಂಡಿ ಮಾತ್ರ ಸತ್ತಿದ್ದರೆ ಒಳಗಿನ ರಬ್ಬರ್ ಹಾಳೆಯ ಕಪ್ಪು ಚುಕ್ಕೆಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ.

ರಿಮೋಟ್ ಬೆಳಕು ಸುಮ್ಮನೆ ಉರಿಯುವುದಿಲ್ಲ. ಸೆಕೆಂಡಿಗೆ ಸುಮಾರು 38,000 ಸಲ ಹತ್ತಿ ಆರುತ್ತದೆ. ಬಿಸಿಲು, ಬಲ್ಬು, ಒಲೆ ಎಲ್ಲವೂ ಅವಕೆಂಪನ್ನು ಸುರಿಯುತ್ತಿರುವಾಗ ರಿಸೀವರ್ ಈ ತಾಳವನ್ನು ಮಾತ್ರ ಹೆಕ್ಕಿ ತೆಗೆಯಲಿ ಅಂತ. ನೀವೇ ಸರ್ಕ್ಯೂಟ್ ಮಾಡುವುದಾದರೆ ಟಿಎಸ್‌ಒಪಿ 1738 ರಿಸೀವರ್ ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲೇ ಸಿಗುತ್ತದೆ. ಅದರ ಕೊನೆಯ 38 ಹೇಳುವುದು ಕಿಲೋಹರ್ಟ್ಸನ್ನೇ. ಅದರ ಪವರ್ ಕಾಲಿಗೆ 100 ಓಮ್ ರೆಸಿಸ್ಟರ್, ಗ್ರೌಂಡಿಗೆ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕದಿದ್ದರೆ ಸುಳ್ಳು ಸಂಕೇತಗಳು ಬರುತ್ತವೆ. ಕಳಿಸುವ ಕಡೆ ಎಲ್‌ಇಡಿಯನ್ನು ನೇರವಾಗಿ ಮೈಕ್ರೋಕಂಟ್ರೋಲರ್ ಕಾಲಿಗೆ ಕಟ್ಟಬೇಡಿ. 2ಎನ್2222 ಟ್ರಾನ್ಸಿಸ್ಟರ್, ಅದರ ಬೇಸ್ ಕಾಲಿಗೆ 470 ಓಮ್, ಎಲ್‌ಇಡಿಗೆ ಸರಣಿಯಲ್ಲಿ 39 ಓಮ್: 5 ವೋಲ್ಟಿನಲ್ಲಿ ಸುಮಾರು 90 ಮಿಲಿಆಂಪ್ ಬರುತ್ತದೆ, ಕೋಣೆಯ ಆ ತುದಿ ಮುಟ್ಟುತ್ತದೆ. ಮಿಡಿತಕ್ಕೆ ಈ ಕರೆಂಟ್ ಸರಿ. ಬಿಡದೆ ಉರಿಸಲು ಎಲ್‌ಇಡಿಯ ಡೇಟಾಶೀಟ್ ನೋಡಿ.

ಎಚ್ಚರಿಕೆ ಒಂದೇ. ಜೋರಾದ 850–940 ಎಲ್‌ಇಡಿಗಳನ್ನೂ ಫೈಬರಿನ ತುದಿಯನ್ನೂ ಹತ್ತಿರದಿಂದ ದಿಟ್ಟಿಸಬೇಡಿ. ಕಾಣದ ಬೆಳಕಿಗೆ ಕಣ್ಣು ಮಿಟುಕುವುದಿಲ್ಲ, ಆದರೆ 1.4 ಮೈಕ್ರಾನಿನವರೆಗಿನ ಕಿರಣ ನೇರ ಅಕ್ಷಿಪಟಕ್ಕೆ ಇಳಿಯುತ್ತದೆ.

ಗನ್ ಸುಳ್ಳು ಹೇಳುವುದು ಯಾವಾಗ

ಟೆಂಪರೇಚರ್ ಗನ್ ಸಾಮಾನ್ಯವಾಗಿ 8–14 ಮೈಕ್ರಾನಿನದು. ಅದು ಬಿಸಿಯನ್ನು ಅಳೆಯುವುದಿಲ್ಲ, ವಸ್ತುವಿನ ಮೈಯಿಂದ ಬಂದ ಕಿರಣವನ್ನು ಅಳೆದು ಬಿಸಿ ಎಷ್ಟಿರಬೇಕು ಅಂತ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಎಮಿಸಿವಿಟಿ ಅನ್ನುವ ಅಂಕಿ ಇದೆ: ಪೂರ್ತಿ ಕಪ್ಪು ವಸ್ತು ಸೂಸುವುದರಲ್ಲಿ ಈ ಮೈ ಎಷ್ಟು ಪಾಲು ಸೂಸುತ್ತದೆ ಅನ್ನುವುದು. ಚರ್ಮ 0.98, ನೀರು 0.96ರ ಹತ್ತಿರ, ಇಟ್ಟಿಗೆ, ಬಣ್ಣ ಬಳಿದ ಗೋಡೆ 0.9ರ ಮೇಲೆ. ಉಜ್ಜಿ ಹೊಳೆಸಿದ ಅಲ್ಯೂಮಿನಿಯಂ 0.1ಕ್ಕಿಂತ ಕಡಿಮೆ, ಹೊಳೆಯುವ ಸ್ಟೀಲ್ 0.1–0.3. ಅಗ್ಗದ ಗನ್ನುಗಳು ಎಲ್ಲವನ್ನೂ 0.95 ಅಂತಲೇ ಹಿಡಿಯುತ್ತವೆ.

ಆ ಸ್ಟೀಲ್ ಪಾತ್ರೆಯ ಲೆಕ್ಕ ಈಗ ಬಿಡಿಸೋಣ. ಅಷ್ಟೇ ಬಿಸಿಯ ಪೂರ್ತಿ ಕಪ್ಪು ವಸ್ತು ಸೂಸುವುದರಲ್ಲಿ ಸುಮಾರು ಐದನೇ ಒಂದು ಪಾಲನ್ನಷ್ಟೇ ಪಾತ್ರೆ ತಾನಾಗಿ ಸೂಸುತ್ತದೆ. ಗನ್ನಿಗೆ ಬರುವ ಮಿಕ್ಕ ಕಿರಣ 28 ಡಿಗ್ರಿಯ ಅಡುಗೆಮನೆ ಗೋಡೆ ಅದರಲ್ಲಿ ಕನ್ನಡಿಯಂತೆ ಪ್ರತಿಫಲಿಸಿದ್ದು. ಎರಡರ ಮಿಶ್ರಣವನ್ನು 0.95ರ ಲೆಕ್ಕದಲ್ಲಿ ತೂಗಿದಾಗ ಸಿಕ್ಕಿದ್ದು 45.

ಪರಿಹಾರ ಅಂತ ಗನ್ನಿನಲ್ಲಿ 0.2 ಒತ್ತುವುದು ಒಳ್ಳೆಯದಲ್ಲ. ಅಷ್ಟು ಕಡಿಮೆ ಅಂಕಿಗೆ ಗೋಡೆಯ ಬಿಸಿ ಒಂದು ಡಿಗ್ರಿ ಹೆಚ್ಚುಕಮ್ಮಿಯಾದರೂ ಫಲಿತಾಂಶ ಎರಡು ಡಿಗ್ರಿಯಷ್ಟು ಕುಣಿಯುತ್ತದೆ. ಬದಲಿಗೆ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪನ್ನು ಗುಳ್ಳೆ ಬಾರದಂತೆ ಅಂಟಿಸಿ, ಎರಡು ನಿಮಿಷ ಬಿಟ್ಟು, ಟೇಪಿಗೆ ಗುರಿಯಿಡಿ. ಅದು ಹೆಚ್ಚುಕಡಿಮೆ 0.95. ಟೇಪು ನೂರು ಡಿಗ್ರಿಯ ಹತ್ತಿರ ಮೆತ್ತಗಾಗಿ ಅಂಟು ಬಿಡತೊಡಗುವುದರಿಂದ, ಅದಕ್ಕೂ ಮೇಲಾದರೆ ಶಾಖ ತಡೆಯುವ ಕಪ್ಪು ಬಣ್ಣ ಬಳಿಯಿರಿ. ಸೌದೆ ಒಲೆಯ ಮಸಿ ಹಿಡಿದ ಪಾತ್ರೆಗಾದರೆ ಟೇಪೂ ಬೇಡ, ಬಣ್ಣವೂ ಬೇಡ; ಮಸಿಯೇ ಸಾಕು.

ಎರಡನೇ ತಪ್ಪು ದೂರದ್ದು. ಗನ್ನಿನ ಮೇಲೆ 12:1 ಅಂತ ಬರೆದಿದ್ದರೆ 60 ಸೆಂಟಿಮೀಟರ್ ದೂರದಲ್ಲಿ ಅದು ನೋಡುವ ವೃತ್ತ 5 ಸೆಂಟಿಮೀಟರ್, 3 ಮೀಟರಿಗೆ 25 ಸೆಂಟಿಮೀಟರ್. ಕೆಂಪು ಚುಕ್ಕೆ ಬರೀ ದಾರಿ ತೋರಿಸುವುದಕ್ಕೆ. ಅಳೆಯುವುದು ಚುಕ್ಕೆಯನ್ನಲ್ಲ, ಆ ಇಡೀ ವೃತ್ತವನ್ನು. ಸಣ್ಣ ಟರ್ಮಿನಲನ್ನು ದೂರದಿಂದ ಅಳೆದರೆ ಅರ್ಧ ಗೋಡೆಯೂ ಸರಾಸರಿಗೆ ಸೇರುತ್ತದೆ. ತೀರಾ ಓರೆಯಾಗಿಯೂ ಹಿಡಿಯಬೇಡಿ. ಲಂಬದಿಂದ 45 ಡಿಗ್ರಿಯ ಒಳಗಿದ್ದರೆ ಕ್ಷೇಮ.

ಗನ್ ಸರಿಯಿದೆಯೇ ಅಂತ ನೋಡಲು ಅಗಲ ಬಾಯಿಯ ಪಾತ್ರೆಯಲ್ಲಿ ಪುಡಿ ಮಾಡಿದ ಐಸ್ ತುಂಬಿ, ಸ್ವಲ್ಪ ನೀರು ಹಾಕಿ, ಕಲಕಿ, ಎರಡು ನಿಮಿಷ ಬಿಟ್ಟು ಮೇಲಿನಿಂದ ನೇರ ಅಳೆಯಿರಿ. ಸೊನ್ನೆಯಿಂದ ಒಂದೆರಡು ಡಿಗ್ರಿಯೊಳಗೆ ಬರಬೇಕು. ಕುದಿಯುವ ನೀರಿನಿಂದ ಪರೀಕ್ಷಿಸುವುದು ಕೆಟ್ಟ ಅಭ್ಯಾಸ: ಹಬೆ ಲೆನ್ಸಿನ ಮೇಲೆ ಕೂರುತ್ತದೆ, ಮೇಲಾಗಿ ಬೆಂಗಳೂರಿನ 900 ಮೀಟರ್ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ. ಎಸಿ ಕೋಣೆಯಿಂದ ಬಿಸಿಲಿಗೆ ತಂದ ಗನ್ನನ್ನು ಅರ್ಧ ಗಂಟೆ ಹಾಗೇ ಬಿಡಿ, ಒಳಗಿನ ಸೆನ್ಸರ್ ಸುತ್ತಲಿನ ಬಿಸಿಗೆ ಹೊಂದಿಕೊಳ್ಳಬೇಕು. ಕಾರ್ಖಾನೆಯ ಗನ್ನಿನಲ್ಲಿ ಜ್ವರ ನೋಡಬೇಡಿ: ಅದರ ದೋಷ ಒಂದೂವರೆ-ಎರಡು ಡಿಗ್ರಿ, ಜ್ವರ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಅದಕ್ಕಿಂತ ಸಣ್ಣದು.

ಕರೆಂಟ್ ಪ್ಯಾನೆಲ್ ಪರೀಕ್ಷಿಸುವ ಎಲೆಕ್ಟ್ರಿಷಿಯನ್‌ಗಳಿಗೆ ಇದೇ ಪಾಠ ಬಲು ಮುಖ್ಯ. ಹೊಳೆಯುವ ತಾಮ್ರದ ಬಸ್‌ಬಾರ್ (ಕರೆಂಟ್ ಹಂಚುವ ಪಟ್ಟಿ) ಸಡಿಲ ಬೋಲ್ಟಿನಿಂದ ಕುದಿಯುತ್ತಿದ್ದರೂ ಥರ್ಮಲ್ ಕ್ಯಾಮೆರಾದಲ್ಲಿ ತಣ್ಣಗೆ ಕಾಣುತ್ತದೆ, ಪಕ್ಕದ ಪಿವಿಸಿ ಹೊದಿಕೆ ಮಾತ್ರ ನಿಜ ಹೇಳುತ್ತದೆ. ಕೇಬಲ್ ಹೊದಿಕೆ ಶುರುವಾಗುವ ತುದಿಯನ್ನು ನೋಡಿ, ಒಂದೇ ಲೋಡಿನಲ್ಲಿ ಮೂರು ಫೇಸುಗಳನ್ನು ಹೋಲಿಸಿ. ಟೇಪು ಅಂಟಿಸುವುದು ಸಪ್ಲೈ ಪೂರ್ತಿ ಆಫ್ ಮಾಡಿದ ಮೇಲೆ ಮಾತ್ರ. ಅಕ್ರಿಲಿಕ್ ಮುಚ್ಚಳದ ಮೂಲಕ ನೋಡಿದರೆ ಕಾಣುವುದು ಮುಚ್ಚಳವೇ.

ಗಾಜು ಗೋಡೆ, ಪ್ಲಾಸ್ಟಿಕ್ ಚೀಲ ಕಿಟಕಿ

ಕಿಟಕಿ ಗಾಜಿನಾಚೆ ಬಿಸಿ ಕಾಫಿ ಲೋಟ ಇಟ್ಟು ಈಚೆಯಿಂದ ಗನ್ ಹಿಡಿಯಿರಿ: ಗಾಜಿನ ಬಿಸಿಯಷ್ಟೇ ಬರುತ್ತದೆ. ಗಾಜಿನ ಬದಲು ತೆಳ್ಳನೆಯ ಕಪ್ಪು ಕಸದ ಚೀಲ ಎಳೆದು ಹಿಡಿಯಿರಿ: ಲೋಟ ಕಣ್ಣಿಗೆ ಕಾಣುವುದಿಲ್ಲ, ಗನ್ನಿಗೆ ಕಾಣುತ್ತದೆ. ಪಾಲಿಥೀನ್ 8–14ನ್ನು ಹೆಚ್ಚುಪಾಲು ಬಿಟ್ಟುಕೊಡುತ್ತದೆ, ಗಾಜು ಬಿಡುವುದಿಲ್ಲ. ಥರ್ಮಲ್ ಕ್ಯಾಮೆರಾಗಳಿಗೆ ದುಬಾರಿ ಜರ್ಮೇನಿಯಂ ಲೆನ್ಸು ಹಾಕುವುದೂ, ಸೆನ್ಸರ್ ಲೈಟಿನ ಬಿಳಿ ಗುಮ್ಮಟ ಪಾಲಿಥೀನಿನದ್ದಾಗಿರುವುದೂ ಇದೇ ಕಾರಣಕ್ಕೆ. ಮಳೆಗೆ ಮರೆ ಬೇಕಾದರೆ ಆ ಗುಮ್ಮಟದ ಮೇಲೆ ಚಿಕ್ಕ ಸೂರು ಮಾಡಿ, ಮುಂದೆ ಏನೂ ಹಾಕಬೇಡಿ.

ಆ ಸೆನ್ಸರಿನ ಒಳಗೆ ಅವಕೆಂಪು ಗ್ರಹಿಸುವ ಎರಡು ತುಣುಕುಗಳಿವೆ, ಒಂದರದ್ದು ಇನ್ನೊಂದು ಕಳೆಯುವಂತೆ ಕಟ್ಟಿದವು. ಇಬ್ಬರಿಗೂ ಒಂದೇ ಬಿಸಿ ಕಂಡರೆ ಸುಮ್ಮನಿರುತ್ತದೆ. ಮನುಷ್ಯ ಒಬ್ಬನ ಮುಂದಿಂದ ಇನ್ನೊಬ್ಬನ ಮುಂದಕ್ಕೆ ದಾಟಿದಾಗ ಮಿಡಿಯುತ್ತದೆ. ಆದ್ದರಿಂದ ಜನ ಎದುರಿಗೆ ನಡೆದುಬರುವಂತಲ್ಲ, ಅಡ್ಡ ಹಾಯುವಂತೆ ಕೂರಿಸಿ, 2–2.5 ಮೀಟರ್ ಎತ್ತರದಲ್ಲಿ. ಎಸಿಯ ಗಾಳಿ, ಒಲೆ, ಬಿಸಿಲು ಬಡಿಯುವ ಕಿಟಕಿಯ ಕಡೆ ಮುಖ ಬೇಡ. ಎಚ್‌ಸಿ-ಎಸ್‌ಆರ್501 ಅನ್ನುವ ಸೆನ್ಸರ್ ಮಾಡ್ಯೂಲ್ ಆದರೆ ಪವರ್ ಕೊಟ್ಟ ಮೊದಲ ಒಂದು ನಿಮಿಷ ಅದರ ಮಾತು ನಂಬಬೇಡಿ. ರಾಯಚೂರು, ಕಲಬುರಗಿಯ ಬೇಸಿಗೆ ಸಂಜೆ ಗೋಡೆಯೂ ಚರ್ಮವೂ 34–35 ಡಿಗ್ರಿಯಲ್ಲಿ ಸಮವಾದಾಗ ಸೆನ್ಸರಿಗೆ ಕಾಣಲು ವ್ಯತ್ಯಾಸವೇ ಇರುವುದಿಲ್ಲ. ಗೋಡೆ ಇನ್ನೂ ಕಾದು 42 ಮುಟ್ಟಿದರೆ ಮತ್ತೆ ಕಾಣತೊಡಗುತ್ತದೆ, ಈಗ ಮನುಷ್ಯ ತಣ್ಣನೆಯ ವಸ್ತುವಾಗಿ.

ಇನ್ನು ಗಾಳಿ. ಕೈಯಲ್ಲಿ ಗನ್ ಇದ್ದರೆ ಮೋಡವಿಲ್ಲದ ರಾತ್ರಿ ನೆತ್ತಿಯ ಆಕಾಶಕ್ಕೆ ಹಿಡಿಯಿರಿ. ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತದೆ, ಕೆಲವು ಗನ್ ‘ಲೋ’ ಅಂತ ಕೈಚೆಲ್ಲುತ್ತವೆ. 8–14ರಲ್ಲಿ ಗಾಳಿ ಬಹುಮಟ್ಟಿಗೆ ತೆರೆದ ಕಿಟಕಿ, 9.6ರ ಹತ್ತಿರ ಓಝೋನ್ ಒಂದಿಷ್ಟು ಹೀರುತ್ತದೆ. ನೆಲದ ಬಿಸಿ ಈ ಕಿಟಕಿಯಿಂದಲೇ ಹೊರಹೋಗಿ, ಬೆಳಗಾಗುವಷ್ಟರಲ್ಲಿ ಕಾರಿನ ಮಾಡಿನ ಮೇಲೆ ಇಬ್ಬನಿ ಕೂರುತ್ತದೆ. ಅದೇ ಗನ್ನನ್ನು ತಗ್ಗಿನ ಮಳೆಮೋಡಕ್ಕೆ ಹಿಡಿದರೆ ಸುತ್ತಲಿನ ಗಾಳಿಗಿಂತ ಸ್ವಲ್ಪವೇ ಕಡಿಮೆ ತೋರಿಸುತ್ತದೆ: ಕಿಟಕಿ ಮುಚ್ಚಿದೆ.

ಹವಾಮಾನ ಸುದ್ದಿಯಲ್ಲಿ ಬರುವ ಚಿತ್ರಗಳನ್ನು ಓದಲೂ ಈ ಕಿಟಕಿಯ ಲೆಕ್ಕ ಬೇಕು. 2013ರ ಜುಲೈ 26ರಂದು ಹಾರಿದ ಇನ್ಸಾಟ್-3ಡಿ ಉಪಗ್ರಹದ ಇಮೇಜರ್‌ಗೆ (ಚಿತ್ರ ತೆಗೆಯುವ ಉಪಕರಣಕ್ಕೆ) ಆರು ಚಾನೆಲ್, ಒಂದೊಂದಕ್ಕೂ ಒಂದೊಂದು ಮೈಕ್ರಾನ್ ಪಟ್ಟಿ. ಇನ್ಸಾಟ್ ಉಪಗ್ರಹಗಳ ಲಗಾಮು ಹಿಡಿದಿರುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಮ್ಮ ಹಾಸನದಲ್ಲಿದೆ. ಆರು ಚಾನೆಲ್‌ಗಳಲ್ಲಿ 10.3–11.3 ಮತ್ತು 11.5–12.5 ಮೈಕ್ರಾನಿನವು ತೆರೆದ ಕಿಟಕಿಯವು. ಅದರಲ್ಲಿ ಬೆಳ್ಳಗಿದ್ದಷ್ಟೂ ಮೋಡದ ನೆತ್ತಿ ತಣ್ಣಗೆ, ಅಂದರೆ ಎತ್ತರ. ತಗ್ಗಿನ ಮಂಜು ನೆಲದಷ್ಟೇ ಬಿಸಿ ಇರುವುದರಿಂದ ರಾತ್ರಿ ಇದರಲ್ಲಿ ಕಳೆದುಹೋಗುತ್ತದೆ, ಅದಕ್ಕೆ 3.8–4.0ರ ಚಾನೆಲನ್ನು ಜೊತೆಗಿಟ್ಟು ನೋಡುತ್ತಾರೆ. 6.5–7.1ರದ್ದು ಬೇಕೆಂದೇ ಮುಚ್ಚಿದ ಕಿಟಕಿ. ಅಲ್ಲಿ ನೀರಾವಿ ಎಲ್ಲವನ್ನೂ ಹೀರುವುದರಿಂದ ನೆಲ ಕಾಣುವುದೇ ಇಲ್ಲ, ಕಾಣುವುದು ಆವಿಯೇ. ಮೊದಲಿನ ಚಿತ್ರದಲ್ಲಿ ಬಯಲಾಗಿದ್ದ ಜಾಗ ಇದರಲ್ಲಿ ಬೆಳ್ಳಗೆ ಹರಡಿಕೊಂಡಿದ್ದರೆ, ಅಲ್ಲಿ ಮೋಡವಿಲ್ಲ, ಆದರೆ ಮೇಲ್ಮಟ್ಟದ ಗಾಳಿಯಲ್ಲಿ ತೇವ ತುಂಬಿದೆ.